ಸಂಬಳದ ದಿನ, ಬಡವರ ಬಾಗಿಲು



ಸೆಪ್ಟೆಂಬರ್ 27 ಸಂತ ವಿನ್ಸೆಂಟ್ ದಿ ಪೌಲರ ಹಬ್ಬ. ಅವರ ಹೆಸರಿನ ಸಭೆ ಇರುವ ಧರ್ಮಕೇಂದ್ರಗಳಲ್ಲಿ ಅಂದು ಸದಸ್ಯರು ಬಲಿಪೂಜೆಯಲ್ಲಿ ವಾಚನ ಓದುತ್ತಾರೆ, ಕಾಣಿಕೆಗಳನ್ನು ಅರ್ಪಿಸುತ್ತಾರೆ, ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಡಬ್ಬ ಹಿಡಿದು ನಿಲ್ಲುತ್ತಾರೆ. ನಮ್ಮ ಧರ್ಮಕೇಂದ್ರದಲ್ಲಿ ಹಾಗೆ ನಿಲ್ಲುವವರನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಬಹುತೇಕ ಎಲ್ಲರದ್ದೂ ನರೆತ ತಲೆ. ನಿವೃತ್ತ ಶಿಕ್ಷಕರು, ಪಿಂಚಣಿ ಪಡೆಯುವ ಅಪ್ಪಂದಿರು, ಮೊಮ್ಮಕ್ಕಳನ್ನು ಕಂಡ ಅಮ್ಮಂದಿರು. ಇದು ನಿವೃತ್ತರ ಸಂಘವೆಂದು ನಮ್ಮ ಯುವಜನರು ತಿಳಿದಿದ್ದರೆ ಅದು ಅವರ ತಪ್ಪಲ್ಲ. ಆದರೆ ಈ ಸಭೆಯನ್ನು ಹುಟ್ಟುಹಾಕಿದವರು ಇಪ್ಪತ್ತರ ಹರೆಯದ ಕಾಲೇಜು ಹುಡುಗರು ಎಂಬುದನ್ನು ನಾವು ಗುರುಗಳೇ ಅವರಿಗೆ ಸರಿಯಾಗಿ ಹೇಳಿಕೊಟ್ಟಿಲ್ಲ.

ಇಂದು ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅಪ್ಪ ವರ್ಷವಿಡೀ ದುಡಿದು ತರುತ್ತಿದ್ದ ಹಣವನ್ನು ಮಗಳು ಎರಡೇ ತಿಂಗಳಲ್ಲಿ ತರುತ್ತಾಳೆ. ಇದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಬೇಕು. ಮೊದಲ ಸಂಬಳ ಬಂದ ದಿನ ಅದರಲ್ಲೊಂದು ಭಾಗವನ್ನು ಲಕೋಟೆಯಲ್ಲಿಟ್ಟು, 'ಫಾದರ್, ಇದನ್ನು ಯಾರಿಗಾದರೂ ಕೊಡಿ' ಎಂದು ನಮ್ಮ ಕೈಗೆ ಕೊಟ್ಟುಹೋಗುವ ಮಕ್ಕಳೂ ಇದ್ದಾರೆ. ಆ ಲಕೋಟೆಯನ್ನು ಹಿಡಿದಾಗ ನಮ್ಮ ಮನಸ್ಸು ತುಂಬಿಬರುತ್ತದೆ. ಆದರೂ 'ಯಾರಿಗಾದರೂ' ಎಂಬ ಆ ಪದ ನಮ್ಮನ್ನು ಸ್ವಲ್ಪ ಚುಚ್ಚುತ್ತದೆ. ಆ ಯಾರೋ ಒಬ್ಬರಿಗೆ ಒಂದು ಹೆಸರಿದೆ, ಒಂದು ಮನೆಯಿದೆ.

ಲೂಕರ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಧನಿಕ ಮತ್ತು ಲಾಜರನ ಸಾಮತಿ ನಮಗೆಲ್ಲ ಗೊತ್ತು. ಆ ಧನಿಕ ಲಾಜರನನ್ನು ಹೊಡೆಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ಇನ್ನೂ ಒಂದು ಸಂಗತಿಯನ್ನು ಗಮನಿಸಿ: ಸತ್ತ ಮೇಲೆ ಯಾತನೆಯ ಸ್ಥಳದಿಂದ ಅಬ್ರಹಾಮನನ್ನು ಕೂಗುವಾಗ ಅವನು ಲಾಜರನನ್ನು ಹೆಸರು ಹಿಡಿದೇ ಹೇಳುತ್ತಾನೆ. ಅಂದರೆ ಹೆಸರು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಊಟದ ಮೇಜಿನಿಂದ ಹೆಬ್ಬಾಗಿಲವರೆಗೆ ನಡೆಯಲಿಲ್ಲ.

ಆ ದೂರವನ್ನು ನಡೆದ ಒಬ್ಬ ಯುವಕನ ಕಥೆ ಕೇಳೋಣ. ಫ್ರೆಡೆರಿಕ್ ಓಝನಾಮ್ 1813ರ ಏಪ್ರಿಲ್ 23ರಂದು ಮಿಲಾನ್ ನಗರದಲ್ಲಿ ಹುಟ್ಟಿ, ಫ್ರಾನ್ಸಿನ ಲಿಯೋನ್‌ನಲ್ಲಿ ಬೆಳೆದವರು. ತಂದೆ ವೈದ್ಯರು. ಕಾನೂನು ಓದಲು ಅವರು ಪ್ಯಾರಿಸ್ಸಿಗೆ ಬಂದರು. 1832ರಲ್ಲಿ ಆ ನಗರಕ್ಕೆ ಕಾಲರಾ ಬಡಿದು 18,000ಕ್ಕೂ ಹೆಚ್ಚು ಜನ ಸತ್ತರು. ಓಝನಾಮ್ ಮತ್ತು ಗೆಳೆಯರು ಒಂದು ಚರ್ಚಾಕೂಟ ನಡೆಸುತ್ತಿದ್ದರು. ಅಲ್ಲಿ ಇತಿಹಾಸ, ತತ್ವಶಾಸ್ತ್ರ, ಧರ್ಮ ಎಲ್ಲದರ ಬಗ್ಗೆಯೂ ವಾದ ನಡೆಯುತ್ತಿತ್ತು. ಒಂದು ದಿನ ವಿರೋಧ ಪಕ್ಷದವರು, ಕ್ರೈಸ್ತ ಧರ್ಮ ಹಿಂದೆ ಒಳ್ಳೆಯದನ್ನು ಮಾಡಿರಬಹುದು, ಆದರೆ ಈಗ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ, ತೋರಿಸಿ ಎಂದು ಸವಾಲು ಹಾಕಿದರು. ಮಾತಿನಲ್ಲಿ ಗೆಲ್ಲುವುದು ಓಝನಾಮರಿಗೆ ಕಷ್ಟವಾಗಿರಲಿಲ್ಲ. ಆದರೆ ಈ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ.

1833ರ ಏಪ್ರಿಲ್ 23ರಂದು, ಅವರಿಗೆ ಇಪ್ಪತ್ತು ತುಂಬಿದ ದಿನವೇ, ಆರು ವಿದ್ಯಾರ್ಥಿಗಳು ಎಮ್ಯಾನುವೆಲ್ ಬಾಯಿ ಎಂಬ ಪತ್ರಿಕಾ ಸಂಪಾದಕರ ಕಚೇರಿಯಲ್ಲಿ ಸೇರಿದರು. ಸುಮಾರು ನಲವತ್ತು ವರ್ಷದ ಬಾಯಿ ಅವರೇ ಮೊದಲ ಅಧ್ಯಕ್ಷರಾದರು. ಬಡವರಿಗೆ ನೆರವಾಗಬೇಕೆಂದು ನಿರ್ಧರಿಸಿದ್ದೇನೋ ಸರಿ, ಆದರೆ ಬಡವರು ಎಲ್ಲಿದ್ದಾರೆ, ಅವರ ಮನೆಗೆ ಹೇಗೆ ಹೋಗಬೇಕು, ಹೋಗಿ ಏನು ಮಾತಾಡಬೇಕು ಎಂಬುದು ಈ ಓದಿದ ಹುಡುಗರಿಗೆ ಗೊತ್ತಿರಲಿಲ್ಲ. ಅವರು ನಾಚಿಕೆಪಡದೆ ಧಾರ್ಮಿಕ ಸಹೋದರಿ ರೋಸಲಿ ರೆಂಡು ಅವರ ಬಳಿ ಹೋದರು. ಪ್ಯಾರಿಸ್ಸಿನ ಅತಿ ಬಡ ಬಡಾವಣೆಯಾದ ಮುಫೆತಾರ್‌ನಲ್ಲಿ ಬಹುಕಾಲದಿಂದ ಸೇವೆ ಮಾಡುತ್ತಿದ್ದ ಆಕೆ ಅವರಿಗೆ ಕುಟುಂಬಗಳ ಹೆಸರು ಕೊಟ್ಟರು, ಬ್ರೆಡ್ಡಿನ ಚೀಟಿಗಳನ್ನು ಕೊಟ್ಟರು, ಎಲ್ಲಕ್ಕಿಂತ ಮಿಗಿಲಾಗಿ ಬಡವರ ಮುಂದೆ ಹೇಗೆ ಕೂರಬೇಕೆಂಬುದನ್ನು ಕಲಿಸಿಕೊಟ್ಟರು. 2003ರಲ್ಲಿ ಆಕೆಯನ್ನು ಪುನೀತರ ಸಾಲಿಗೆ ಸೇರಿಸಲಾಯಿತು.

ಓಝನಾಮರು ಮುಂದೆ ಕಾನೂನಿನಲ್ಲೂ ಸಾಹಿತ್ಯದಲ್ಲೂ ಡಾಕ್ಟರೇಟ್ ಪಡೆದು, ಸೋರ್ಬೊನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1841ರಲ್ಲಿ ಮದುವೆಯಾದರು, ಮಗಳೊಬ್ಬಳು ಹುಟ್ಟಿದಳು. ಅವರು ಗುರುವಾಗಲಿಲ್ಲ, ಮಠ ಸೇರಲಿಲ್ಲ. ಪರೀಕ್ಷೆ, ಉದ್ಯೋಗ, ಮನೆ ಬಾಡಿಗೆ, ಮಗುವಿನ ಕಾಯಿಲೆ ಎಲ್ಲವನ್ನೂ ನಿಮ್ಮಂತೆಯೇ ಕಂಡವರು. ಹೀಗಿದ್ದೂ ಬಡವರ ಮನೆಗೆ ಹೋಗುವುದನ್ನು ಬಿಡಲಿಲ್ಲ. 1853ರ ಸೆಪ್ಟೆಂಬರ್ 8ರಂದು, ಕೇವಲ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಗದ್ಗುರು ಎರಡನೆಯ ಜಾನ್ ಪಾಲರು 1997ರ ಆಗಸ್ಟ್ 22ರಂದು, ವಿಶ್ವ ಯುವಜನ ಸಮ್ಮೇಳನದ ಸಮಯದಲ್ಲಿ, ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಆರು ಹುಡುಗರು ಆರಂಭಿಸಿದ ಸಭೆ 1863ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೂ ಬಂತು. ಇಂದು ಅದು ಸುಮಾರು 150 ದೇಶಗಳಲ್ಲಿದೆ.

ಈಗ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಕ್ರಿಸ್ತ ಜಯಂತಿಗೆ ಊರಿಗೆ ಬಂದಿದ್ದ ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ತಮ್ಮೊಳಗೆ ಹಣ ಸೇರಿಸಿ ನಲವತ್ತು ಕುಟುಂಬಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಕಂಬಳಿ ಕೊಟ್ಟರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಪೂಜೆಯ ನಂತರ ದೇವಾಲಯದ ಮುಂದೆಯೇ ಮೇಜು ಹಾಕಿಸಿದೆವು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದವರು ನಾವೇ. ಒಬ್ಬೊಬ್ಬರೂ ಬಂದು ಚೀಲ ಹಿಡಿದು ನಿಂತರು, ಫೋಟೋ ತೆಗೆಯಲಾಯಿತು, ಸಂಜೆಯ ಹೊತ್ತಿಗೆ ಅವೆಲ್ಲ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿದವು. ಅವರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಇದ್ದರು. ಆಕೆಯ ಮಗಳು ಆಗ ಪಿಯುಸಿಯಲ್ಲಿದ್ದಳು. ಜನವರಿಯಿಂದ ತಾಯಿ ಮಗಳಿಬ್ಬರೂ ಭಾನುವಾರದ ಪೂಜೆಗೆ ಕಾಣಿಸಲಿಲ್ಲ. ಕೆಲಸದ ಒತ್ತಡವಿರಬಹುದು ಎಂದುಕೊಂಡು ನಾವೂ ಸುಮ್ಮನಿದ್ದೆವು. ತಪಸ್ಸುಕಾಲದಲ್ಲಿ ಮನೆ ಭೇಟಿಗೆ ಹೋದಾಗ ವಿಷಯ ತಿಳಿಯಿತು. ಆ ಫೋಟೋ ಮಗಳ ತರಗತಿಯವರ ಮೊಬೈಲಿಗೂ ತಲುಪಿತ್ತು. 'ಅಕ್ಕಿ ಹದಿನೈದು ದಿನದಲ್ಲಿ ಮುಗೀತು ಫಾದರ್, ಫೋಟೋ ಮಾತ್ರ ಮುಗೀಲೇ ಇಲ್ಲ' ಎಂದರು ಆ ತಾಯಿ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ದಾನ ಮಾಡುವಾಗ ತುತ್ತೂರಿ ಊದಿಸಬೇಡಿ ಎಂಬ ಪ್ರಭುವಿನ ಬೋಧನೆಯ ಮೇಲೆ ನಾವು ಪ್ರತಿ ವಿಭೂತಿ ಬುಧವಾರ ಪ್ರಬೋಧನೆ ಮಾಡುತ್ತೇವೆ. ಆ ದಿನ ತುತ್ತೂರಿ ನಮ್ಮ ಕೈಯಲ್ಲೇ ಇತ್ತು.

ಇದಾದ ಮೇಲೆ ಸಂತ ವಿನ್ಸೆಂಟರ ಜೀವನವನ್ನು ಮತ್ತೆ ತೆರೆದು ಓದಿದಾಗ ಗುರುಮಠದಲ್ಲಿ ಕೇಳಿದ್ದ ಒಂದು ಘಟನೆ ಬೇರೆಯದೇ ರೀತಿಯಲ್ಲಿ ಅರ್ಥವಾಯಿತು. 1617ರಲ್ಲಿ ಅವರು ಶಾತಿಯೋನ್ ಎಂಬ ಊರಿನಲ್ಲಿ ಧರ್ಮಕೇಂದ್ರದ ಗುರುವಾಗಿದ್ದರು. ಆಗಸ್ಟಿನ ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿರುವಾಗ, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರು ಯಾರೂ ಇಲ್ಲ ಎಂಬ ಸುದ್ದಿ ಬಂತು. ಅವರು ಅದನ್ನೇ ಪ್ರಬೋಧನೆಯಲ್ಲಿ ಹೇಳಿದರು. ಮಧ್ಯಾಹ್ನ ತಾವೂ ಆ ಮನೆಯ ಕಡೆ ಹೊರಟರೆ ದಾರಿಯುದ್ದಕ್ಕೂ ಜನವೋ ಜನ! ಊಟ ಹೊತ್ತು ಹೋಗುವವರು, ಕೊಟ್ಟು ಹಿಂದಿರುಗುವವರು. ಬೇರೆ ಗುರುಗಳಾಗಿದ್ದರೆ (ನಾವಾಗಿದ್ದರೂ) ತಮ್ಮ ಪ್ರಬೋಧನೆಯ ಪ್ರಭಾವ ನೋಡಿ ಹಿಗ್ಗುತ್ತಿದ್ದರು. ವಿನ್ಸೆಂಟರು ಚಿಂತೆಗೆ ಬಿದ್ದರು. ಇಂದು ಬಂದ ಇಷ್ಟೊಂದು ಆಹಾರ ಕೆಟ್ಟುಹೋಗುತ್ತದೆ, ನಾಳೆ ಈ ಕುಟುಂಬ ಮತ್ತೆ ಹಸಿದಿರುತ್ತದೆ. ಪ್ರೀತಿ ಬೇಕಾದಷ್ಟಿದೆ, ವ್ಯವಸ್ಥೆ ಇಲ್ಲ ಎಂದು ಅವರಿಗೆ ಹೊಳೆಯಿತು. ಮೂರು ದಿನದೊಳಗೆ ಊರಿನ ಕೆಲವು ಸ್ತ್ರೀಯರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿದರು. ಅದೇ ವರ್ಷ ಆ ಕೂಟಕ್ಕೆ ಅವರು ಬರೆದುಕೊಟ್ಟ ನಿಯಮಗಳಲ್ಲಿ ಊಟ ಬಡಿಸುವ ಕ್ರಮ ಕೂಡ ಇದೆ. ಜೊತೆಗೆ ಯಾರಾದರೂ ಇರುವ ರೋಗಿಯಿಂದ ಆರಂಭಿಸಿ, ಒಂಟಿಯಾಗಿರುವವರ ಬಳಿಗೆ ಕೊನೆಯಲ್ಲಿ ಹೋಗಬೇಕಂತೆ. ಏಕೆಂದರೆ ಕೊನೆಯ ಮನೆಯಲ್ಲಿ ಹೆಚ್ಚು ಹೊತ್ತು ಕೂರಬಹುದು! ನಾನೂರು ವರ್ಷಗಳ ಹಿಂದಿನ ಈ ಒಂದು ಸಾಲಿನ ನಿಯಮದಲ್ಲಿ ಎಷ್ಟು ಅನುಭವ ಅಡಗಿದೆ ನೋಡಿ.

ನಮ್ಮ ನಲವತ್ತು ಚೀಲಗಳಿಗೂ ಶಾತಿಯೋನಿನ ಆ ಭಾನುವಾರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಡಿಸೆಂಬರಿನಲ್ಲಿ ಕಂಬಳಿಯ ಮೇಲೆ ಕಂಬಳಿ, ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ ಕಟ್ಟಲು ಯಾರೂ ಇಲ್ಲ.

ಯುವಜನರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: 'ಫಾದರ್, ನಮ್ಮ ಕಂಪನಿಯಲ್ಲೇ ಸಮಾಜ ಸೇವೆ ಇದೆಯಲ್ಲ? ನಾವು ಶನಿವಾರ ಹೋಗಿ ಗಿಡ ನೆಡುತ್ತೇವಲ್ಲ?' ನೆಡಿ, ಒಳ್ಳೆಯದೇ. ಆದರೆ ಒಂದು ಮಾತು ತಿಳಿದಿರಲಿ. 2013ರ ಕಂಪನಿ ಕಾಯಿದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ 2 ಶೇಕಡವನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಅದು ಕಂಪನಿಯ ಹಣ, ಕಾನೂನಿನ ಕರ್ತವ್ಯ. ನಿಮ್ಮ ಜೇಬಿನ ಲೆಕ್ಕ ಬೇರೆ.

ಜೇಬಿನ ಲೆಕ್ಕಕ್ಕೆ ಬಂದರೆ ರಸೀದಿಯ ಮಾತೂ ಬರುತ್ತದೆ. ತೆರಿಗೆ ವಿನಾಯಿತಿಗಾಗಿ ಕೊಡುವುದು ದಾನವೇ ಎಂದು ಕೆಲವು ಹಿರಿಯರು ಮೂಗು ಮುರಿಯುತ್ತಾರೆ. ನಮಗೆ ಹಾಗೆ ಅನಿಸುವುದಿಲ್ಲ. ರಸೀದಿ ಕೇಳುವವರು ಲೆಕ್ಕವನ್ನೂ ಕೇಳುತ್ತಾರೆ, ಅದರಿಂದ ಸಂಸ್ಥೆಗಳು ನೆಟ್ಟಗಿರುತ್ತವೆ. ಆದರೆ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಇನ್ನು ವಿದೇಶದಲ್ಲಿರುವ ಮಕ್ಕಳ ವಿಷಯ. ಭಾರತದ ಪೌರತ್ವ ಉಳಿಸಿಕೊಂಡಿರುವ ಮಗ ದುಬೈಯಿಂದ ತನ್ನ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಇಲ್ಲಿನ ಸಂಸ್ಥೆಗೆ ಕಳಿಸಿದರೆ ಅದು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಮಗಳು ಕಳಿಸಿದರೆ ಅದು ವಿದೇಶಿ ದೇಣಿಗೆಯೇ, ಆಕೆಯ ಬಳಿ ಓಸಿಐ ಕಾರ್ಡ್ ಇದ್ದರೂ ಸಹ. ಅದಕ್ಕೆ ಸಂಸ್ಥೆಯ ಬಳಿ ಎಫ್‌ಸಿಆರ್‌ಎ ಅನುಮತಿ ಇರಬೇಕು. ಇದನ್ನು ತಿಳಿಯದೆ ಪ್ರೀತಿಯಿಂದ ಕಳಿಸಿದ ಹಣ ಧರ್ಮಕೇಂದ್ರಗಳಿಗೆ ತೊಂದರೆ ತರಬಹುದು. ಕಳಿಸುವ ಮೊದಲು ಒಮ್ಮೆ ಕೇಳಿ.

ಸಮಯದ ವಿಷಯವೇ ಹೆಚ್ಚು ಕಷ್ಟದ್ದು. ಹಣವಿದ್ದವರಿಗೆ ಬಿಡುವಿಲ್ಲ ಎಂಬುದು ನಿಜ. ಆದರೂ ವೃತ್ತಿಯೇ ಸೇವೆಯಾಗುವ ದಾರಿಯೊಂದಿದೆ. ನೇಪಲ್ಸ್ ನಗರದ ವೈದ್ಯರಾಗಿದ್ದ ಸಂತ ಜುಸೆಪ್ಪೆ ಮೊಸ್ಕಾತಿ (1880-1927) ಬಡರೋಗಿಗಳಿಂದ ಶುಲ್ಕ ಪಡೆಯುತ್ತಿರಲಿಲ್ಲ. ಇದ್ದವರು ಹಾಕಲಿ, ಇಲ್ಲದವರು ತೆಗೆದುಕೊಳ್ಳಲಿ ಎಂದು ತಮ್ಮ ಕೋಣೆಯಲ್ಲಿ ಒಂದು ಟೋಪಿ ಇಟ್ಟಿರುತ್ತಿದ್ದರು ಎಂಬ ಪ್ರತೀತಿ ಇದೆ. ನಮ್ಮ ನಡುವಿನ ಲೆಕ್ಕಪರಿಶೋಧಕಿಯೊಬ್ಬಳು ವಿಧವಾ ಪಿಂಚಣಿಯ ಅರ್ಜಿ ತುಂಬಿಕೊಡಬಹುದು. ಕಂಪ್ಯೂಟರ್ ಬಲ್ಲ ಹುಡುಗ ವಿದ್ಯಾರ್ಥಿವೇತನದ ಅರ್ಜಿ ಹಾಕಿಕೊಡಬಹುದು. ನರ್ಸ್ ಆಗಿರುವ ಮಗಳು ಹಾಸಿಗೆ ಹಿಡಿದ ಅಜ್ಜಿಯ ಬೆನ್ನಿನ ಹುಣ್ಣು ನೋಡಬಹುದು. ಇವಕ್ಕೆ ಸಾವಿರಾರು ರೂಪಾಯಿ ಬೇಡ.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತರೆಂದು ಘೋಷಿಸಿದ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ ಕೂಡ ಇದೇ ವಿನ್ಸೆಂಟ್ ಸಭೆಯ ಸದಸ್ಯ. ತಂದೆ ಟ್ಯೂರಿನ್ ನಗರದ ಪ್ರಸಿದ್ಧ ಪತ್ರಿಕೆಯ ಒಡೆಯರು, ರಾಯಭಾರಿಯಾಗಿದ್ದವರು. ಮಗ ಗಣಿ ಎಂಜಿನಿಯರಿಂಗ್ ಓದುತ್ತಿದ್ದ. ಪ್ರಯಾಣದ ಹಣವನ್ನು ಬಡವರಿಗೆ ಕೊಟ್ಟು ಮನೆಗೆ ಓಡಿಕೊಂಡು ಬರುತ್ತಿದ್ದ. 1925ರ ಜುಲೈ 4ರಂದು, ಇಪ್ಪತ್ತನಾಲ್ಕರ ಹರೆಯದಲ್ಲಿ ಪೋಲಿಯೊದಿಂದ ಸತ್ತಾಗ ಅಂತ್ಯಕ್ರಿಯೆಗೆ ಬಡವರ ದಂಡೇ ಬಂತು. ಮಗನ ಈ ಇನ್ನೊಂದು ಬದುಕು ಅಷ್ಟರವರೆಗೆ ಹೆತ್ತವರಿಗೇ ಸರಿಯಾಗಿ ತಿಳಿದಿರಲಿಲ್ಲ. ತಾಯ್ತಂದೆಯರೇ, ನಿಮ್ಮ ಮಕ್ಕಳು ಸಂಬಳದಲ್ಲಿ ಎಷ್ಟನ್ನು ಯಾರಿಗೆ ಕೊಡುತ್ತಿದ್ದಾರೆಂದು ನಿಮಗೆ ತಿಳಿಯದೆ ಇರಬಹುದು. ನಿವೇಶನಕ್ಕೆ ಕಂತು ಕಟ್ಟುವುದು ಬಿಟ್ಟು ಇದೇನು ಎಂದು ಬೈಯುವ ಮೊದಲು ಸ್ವಲ್ಪ ತಾಳಿ.

ಕೊಡುವುದೊಂದೇ ಸಾಲದು ಎಂಬುದನ್ನೂ ಓಝನಾಮರು ಚೆನ್ನಾಗಿ ಅರಿತಿದ್ದರು. ಗಾಯಕ್ಕೆ ಎಣ್ಣೆ ಹಚ್ಚುವುದು ಪರಪ್ರೀತಿಯ ಕೆಲಸ, ದಾರಿಯಲ್ಲಿ ಕಳ್ಳರು ಬೀಳದಂತೆ ನೋಡಿಕೊಳ್ಳುವುದು ನ್ಯಾಯದ ಕೆಲಸ ಎಂಬುದು ಅವರ ವಿಚಾರವಾಗಿತ್ತು. ಸಂಜೆ ಅನಾಥಾಶ್ರಮಕ್ಕೆ ಹಣ ಕೊಟ್ಟು, ಬೆಳಿಗ್ಗೆ ಮನೆಗೆಲಸದವಳು ಎರಡು ದಿನ ರಜೆ ಹಾಕಿದ್ದಕ್ಕೆ ಸಂಬಳ ಹಿಡಿದುಕೊಂಡರೆ ಆ ಲೆಕ್ಕ ಸರಿಹೊಂದುವುದಿಲ್ಲ. ಈ ಮಾತು ಕೆಲವರಿಗೆ ಕಹಿಯಾಗಬಹುದು, ಆದರೂ ಹೇಳುತ್ತಿದ್ದೇವೆ.

ನಮ್ಮ ಧರ್ಮಕೇಂದ್ರದಲ್ಲಿ ಈಗ ಕ್ರಿಸ್ತ ಜಯಂತಿಯ ಮೇಜು ಇಲ್ಲ. ಒಂಬತ್ತು ಮಂದಿ ಯುವಕ ಯುವತಿಯರು, ಜೊತೆಗೆ ಆ ನರೆತ ತಲೆಯ ಹಿರಿಯರು ನಾಲ್ವರು, ತಿಂಗಳ ಎರಡನೆಯ ಭಾನುವಾರ ಸೇರುತ್ತಾರೆ. ಊರಿಗೆ ಬರಲಾಗದವರು ಫೋನಿನಲ್ಲಿ ಸೇರಿಕೊಳ್ಳುತ್ತಾರೆ. ಪ್ರಾರ್ಥನೆಯ ನಂತರ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ಗೊತ್ತಾಗದು, ಇದು ಸಭೆಯ ಹಳೆಯ ಪದ್ಧತಿ. ಆಮೇಲೆ ಇಬ್ಬಿಬ್ಬರಾಗಿ ಹೊರಡುತ್ತಾರೆ. ಜಾತಿ ಮತ ಕೇಳುವುದಿಲ್ಲ, ಮೊಬೈಲನ್ನು ಜೇಬಿನಿಂದ ತೆಗೆಯುವುದಿಲ್ಲ. ಆ ತಾಯಿಯ ಮನೆಗೆ ಮೊದಲ ಸಲ ಹೋದವರು ಕ್ಷಮೆ ಕೇಳಿದರಂತೆ. ಆಕೆ ಅದಕ್ಕೆ ಏನೂ ಹೇಳದೆ ಕಾಫಿ ಕೊಟ್ಟರಂತೆ. ಮಗಳು ಈಗ ನರ್ಸಿಂಗ್ ಮೂರನೆಯ ವರ್ಷದಲ್ಲಿದ್ದಾಳೆ. ಕಳೆದ ತಿಂಗಳು ರಜೆಗೆ ಬಂದಿದ್ದವಳು ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಚೀಲ ಅವಳ ಬಳಿಗೂ ಹೋಯಿತು.