ನಡುನೋವಿಗೆ ಕೈಚಿಕಿತ್ಸೆ



ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ನಿಮಗೆಲ್ಲ ಗೊತ್ತೇ ಇದೆ. ಆದರೆ ಕೈ ಕೆಸರಾಗಬೇಕಾದರೆ ಮೊದಲು ನಡು ಬಗ್ಗಬೇಕು. ನಾಟಿಯ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿ ಬಗ್ಗಿ ನಿಲ್ಲುವ ಹೆಣ್ಣುಮಕ್ಕಳು, ಕಬ್ಬು ಕಡಿಯುವವರು, ಅಡಿಕೆ ಗೊನೆ ಇಳಿಸುವವರು, ಮೂಟೆ ಹೊರುವವರು, ಇವರೆಲ್ಲರ ಬಾಯಲ್ಲೂ ಸುಗ್ಗಿ ಮುಗಿಯುವ ಹೊತ್ತಿಗೆ ಬರುವ ಮಾತು ಒಂದೇ: "ನಡು ಹಿಡ್ಕೊಂಡಿದೆ." ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರ ಬಳಿಗೆ ಹೊಡೆದುಕೊಂಡು ಹೋಗುತ್ತೇವೆ. ನಮ್ಮದೇ ನಡು ಹಿಡಿದರೆ ಒಂದು ಮಾತ್ರೆ ನುಂಗಿ, ಮುಲಾಮು ತಿಕ್ಕಿ, ಮಾರನೆಯ ದಿನ ಮತ್ತೆ ಹೊಲಕ್ಕೆ ಇಳಿಯುತ್ತೇವೆ. ನೋವು ಹಳೆಯದಾದ ಮೇಲೆ ಆಳು ಕರೆದು ದುಡಿಸಬೇಕಾಗುತ್ತದೆ. ಆ ಕೂಲಿ ಯಾರ ಮನೆಯದು? ನಮ್ಮದೇ ಅಲ್ಲವೇ?

ಈ ಕಷ್ಟ ನಮ್ಮೊಬ್ಬರದೇ ಅಲ್ಲ. 2020ರಲ್ಲಿ ಲೋಕದಲ್ಲೆಲ್ಲ ಸುಮಾರು 61 ಕೋಟಿ 90 ಲಕ್ಷ ಜನ ನಡುನೋವಿನಿಂದ ನರಳುತ್ತಿದ್ದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ.

ನಡುನೋವು ಅಂತ ಆಸ್ಪತ್ರೆಗೆ ಹೋದರೆ ವೈದ್ಯರು ಈಗ ಎಷ್ಟೋ ಸಲ "ಫಿಸಿಯೋಥೆರಪಿಗೆ ಹೋಗಿ" ಎಂದು ಚೀಟಿ ಬರೆದುಕೊಡುತ್ತಾರೆ. ಕೆಲವರು ಒಂದು ದಿನ ಹೋಗಿ, "ಅಲ್ಲೇನಿದೆ? ಒಂದಿಷ್ಟು ಬೆನ್ನು ಒತ್ತಿದರು, ಕಾಲು ಎತ್ತು, ಇಳಿಸು ಅಂದರು" ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಒಂದೇ ಸಲಕ್ಕೆ ಮೂಳೆ ಕೂರಿಸಿ ಕಳಿಸುತ್ತಾರೆ ಎಂಬ ಆಸೆಯಿಂದ ಹೋಗುತ್ತಾರೆ. ಇಬ್ಬರಿಗೂ ನಷ್ಟವೇ. ಆದ್ದರಿಂದ ಅಲ್ಲಿ ಏನೇನು ನಡೆಯುತ್ತದೆ, ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಈ ಹೊತ್ತು ತಿಳಿದುಕೊಳ್ಳೋಣ.

ಮೊದಲು ಬೆನ್ನಿನ ಕಟ್ಟು ಹೇಗಿದೆ ನೋಡೋಣ. ಬೆನ್ನೆಲುಬು ಒಂದೇ ಕೋಲಲ್ಲ. ಅಲುಗಾಡುವ 24 ಮಣಿಗಳು ಒಂದರ ಮೇಲೊಂದು ಕೂತಿವೆ. ಅವುಗಳಲ್ಲಿ ಸೊಂಟದ ಭಾಗದವು ಐದು. ಮಣಿಗೂ ಮಣಿಗೂ ನಡುವೆ ಮೆತ್ತನೆಯ ಬಿಲ್ಲೆಯಿದೆ. ಅದನ್ನೇ ಡಿಸ್ಕ್ ಅನ್ನುತ್ತಾರೆ. ಸುತ್ತಲೂ ಸ್ನಾಯುಗಳು ಗೂಟಕ್ಕೆ ಬಿಗಿದ ಹಗ್ಗದಂತೆ ಹಿಡಿದು ನಿಲ್ಲಿಸಿವೆ. ಒಂದು ಕಡೆಯ ಹಗ್ಗ ಬಿಗಿದು ಇನ್ನೊಂದು ಕಡೆಯದು ಸಡಿಲವಾದರೆ ಚಪ್ಪರ ವಾಲುತ್ತದೆ. ನಡುವೂ ಹಾಗೆಯೇ.

ಸ್ವೀಡನ್ ದೇಶದ ಆಲ್ಫ್ ನಾಕೆಮ್ಸನ್ ಎಂಬ ಮೂಳೆವೈದ್ಯರು 1960ರ ದಶಕದಲ್ಲಿ ಈ ಬಿಲ್ಲೆಯೊಳಕ್ಕೆ ಸೂಜಿ ತೂರಿಸಿ ಅಲ್ಲಿನ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡ 100 ಅಂತ ಇಟ್ಟುಕೊಳ್ಳಿ. ಅಂಗಾತ ಮಲಗಿದರೆ ಅದು ಸುಮಾರು 25ಕ್ಕೆ ಇಳಿಯುತ್ತದೆ. ಮುಂದಕ್ಕೆ ಬಗ್ಗಿ ನಿಂತರೆ 150ಕ್ಕೆ ಏರುತ್ತದೆ. ಬಗ್ಗಿಕೊಂಡೇ ಕೈಯಲ್ಲಿ ಭಾರ ಹಿಡಿದರೆ 220! ಬಗ್ಗಿದ ಮಾತ್ರಕ್ಕೆ ಬೆನ್ನು ಮುರಿಯುತ್ತದೆ ಅಂತ ಇದರ ಅರ್ಥವಲ್ಲ. ಬೆನ್ನು ಗಟ್ಟಿಯಾದ ಅಂಗವೇ. ಆದರೆ ದಿನವೆಲ್ಲ ಬಿಡುವಿಲ್ಲದೆ ಬಗ್ಗಿದರೆ ಅದು ದಣಿಯುತ್ತದೆ. ನೊಗ ಇಳಿಸದೆ ಎತ್ತು ಹೂಡುವ ರೈತ ಉಂಟೇ?

ಇನ್ನು ಚಿಕಿತ್ಸೆಯ ವಿಷಯ. ಫಿಸಿಯೋಥೆರಪಿಯಲ್ಲಿ ಕೈಯಿಂದ ಮಾಡುವ ಭಾಗವನ್ನು ಕೈಚಿಕಿತ್ಸೆ ಎನ್ನೋಣ. ಇದನ್ನು ಮಾಡುವವರು ಬಿ.ಪಿ.ಟಿ. ಪದವಿ ಓದಿದವರಾಗಿರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದಕ್ಕೆ ವಿಭಾಗವಿರುತ್ತದೆ. ಹೊರಗೆ ಖಾಸಗಿಯವರಲ್ಲಿಗೆ ಹೋಗುವುದಾದರೆ "ನಿಮ್ಮ ಓದು ಏನು? ಒಂದು ಸರದಿಗೆ ಎಷ್ಟು?" ಎಂದು ಮೊದಲೇ ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ. ಬಿತ್ತನೆ ಬೀಜ ಕೊಳ್ಳುವಾಗ ಚೀಟಿ ನೋಡುವುದಿಲ್ಲವೇ?

ಮೊದಲ ದಿನ ಹೆಚ್ಚು ಹೊತ್ತು ಮಾತಿನಲ್ಲೇ ಕಳೆಯುತ್ತದೆ. ಬೇಸರ ಮಾಡಿಕೊಳ್ಳಬೇಡಿ. ನೋವು ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದೆಯೇ, ಬಗ್ಗಿದರೆ ಹೆಚ್ಚೋ ನಿಂತರೆ ಹೆಚ್ಚೋ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ನಿಮ್ಮ ಕೆಲಸ ಏನು ಎಂಬುದನ್ನು ಬಿಡಿಸಿ ಹೇಳಿ. "ಬೇಸಾಯ" ಅಂದರೆ ಸಾಲದು. ಯಾವ ಕೆಲಸ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ಭಾರ, ಎಲ್ಲವನ್ನೂ ತಿಳಿಸಿ. ಹಳೆಯ ಎಕ್ಸ್‌ರೇ, ಮಾತ್ರೆಯ ಚೀಟಿ ಇದ್ದರೆ ಒಯ್ಯಿರಿ. ಬಸುರಿಯಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಮೂಳೆ ಸವೆದಿದೆ ಎಂದು ಯಾರಾದರೂ ಹೇಳಿದ್ದರೆ ಮರೆಯದೆ ಹೇಳಬೇಕು. ಅಂಥವರಿಗೆ ಜೋರಾಗಿ ಒತ್ತುವುದು, ತಿರುಚುವುದು ಕೂಡದು.

ಆಮೇಲೆ ನಿಲ್ಲಿಸಿ, ನಡೆಸಿ, ಬಗ್ಗಿಸಿ ನೋಡುತ್ತಾರೆ. ಮಲಗಿಸಿ ಕಾಲನ್ನು ನೀಟಾಗಿ ಮೇಲಕ್ಕೆ ಎತ್ತುತ್ತಾರೆ. ಕಾಲಿನ ಬಲ, ಸ್ಪರ್ಶ ಪರೀಕ್ಷಿಸುತ್ತಾರೆ. ಇದಕ್ಕಾಗಿ ಸಡಿಲವಾದ ಬಟ್ಟೆ ಉಟ್ಟು ಹೋಗುವುದು ಒಳ್ಳೆಯದು. ಹೆಣ್ಣುಮಕ್ಕಳು ಜೊತೆಗೆ ಮನೆಯವರೊಬ್ಬರನ್ನು ಕರೆದೊಯ್ಯಬಹುದು. ಮಹಿಳಾ ಚಿಕಿತ್ಸಕರೇ ಬೇಕೆಂದು ಕೇಳಲೂಬಹುದು. ಎಲ್ಲಿ ಮುಟ್ಟುತ್ತಾರೆ, ಏಕೆ ಮುಟ್ಟುತ್ತಾರೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ಅವರ ಕರ್ತವ್ಯ.

"ಸ್ಕ್ಯಾನ್ ಮಾಡಿಸಬೇಕೇ?" ಅಂತ ನೀವು ಕೇಳಬಹುದು. ಎಲ್ಲರಿಗೂ ಬೇಡ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಉಬ್ಬಿದ ಡಿಸ್ಕ್ ಕಾಣುವುದುಂಟು. "ಡಿಸ್ಕ್ ಜಾರಿದೆ" ಎಂಬ ಮಾತು ಕೇಳಿ ಹೆದರಬೇಡಿ. ಅದು ಬಳೆಯಂತೆ ಜಾರಿ ಬೀಳುವ ವಸ್ತುವಲ್ಲ. ಒಳಗಿನ ತಿರುಳು ಪಕ್ಕಕ್ಕೆ ಉಬ್ಬಿರುತ್ತದೆ, ಅಷ್ಟೇ. ಹೀಗೆ ಉಬ್ಬಿದ್ದು ಶಸ್ತ್ರಚಿಕಿತ್ಸೆ ಇಲ್ಲದೆಯೇ ಕಡಿಮೆಯಾಗುವುದೂ ಉಂಟು.

ಈಗ ಕೈಯ ಕೆಲಸ. ಬೋರಲು ಮಲಗಿಸಿ ಬಿಗಿದ ಸ್ನಾಯುವನ್ನು ಹೆಬ್ಬೆರಳಿನಿಂದಲೋ ಅಂಗೈಯಿಂದಲೋ ನಿಧಾನವಾಗಿ ಒತ್ತುತ್ತಾರೆ, ಎಳೆಯುತ್ತಾರೆ. ಬಿಗಿದುಕೊಂಡ ಕೀಲನ್ನು ಮೆಲ್ಲಗೆ ಅಲುಗಾಡಿಸುತ್ತಾರೆ. "ಹಿತವಾದ ನೋವು" ಅಂತೀವಲ್ಲ, ಅಷ್ಟು ಇರಬಹುದು. ಉಸಿರು ಕಟ್ಟುವಷ್ಟು, ಹಲ್ಲು ಕಚ್ಚುವಷ್ಟು ನೋವಾದರೆ "ಸಾಕು, ನಿಲ್ಲಿಸಿ" ಅಂತ ಹೇಳಿಬಿಡಿ. ಹೆಚ್ಚು ನೋಯಿಸಿದರೆ ಹೆಚ್ಚು ಗುಣ ಎಂಬುದು ಸುಳ್ಳು ನಂಬಿಕೆ.

ಕೆಲವೊಮ್ಮೆ "ಟಕ್" ಎಂಬ ಸದ್ದು ಬರುತ್ತದೆ. ಮೂಳೆ ತನ್ನ ಜಾಗಕ್ಕೆ ಹೋಗಿ ಕೂತಿತು ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಬೆರಳಿನ ನೆಟಿಕೆ ಮುರಿದಾಗ ಬರುವ ಸದ್ದೇ ಇದೂ. ಕೀಲಿನೊಳಗೆ ಒಂದು ದ್ರವವಿದೆ. ಕೀಲನ್ನು ತಟ್ಟನೆ ಎಳೆದಾಗ ಆ ದ್ರವದಲ್ಲಿ ಗಾಳಿಯ ಗುಳ್ಳೆ ಏಳುವುದಕ್ಕೂ ಈ ಸದ್ದಿಗೂ ಸಂಬಂಧವಿದೆ. ಸದ್ದು ಬಂದರೂ ಸರಿ, ಬಾರದಿದ್ದರೂ ಸರಿ. ಆದರೆ ಒಂದು ಎಚ್ಚರಿಕೆ: ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಗಕ್ಕನೆ ತಿರುಚಿ ನೆಟಿಕೆ ತೆಗೆಸಿಕೊಳ್ಳುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಕುತ್ತಿಗೆಯ ಮಣಿಗಳ ಪಕ್ಕದಲ್ಲೇ ಮಿದುಳಿಗೆ ಹೋಗುವ ರಕ್ತನಾಳಗಳಿವೆ. ಅಪರೂಪಕ್ಕಾದರೂ ಅವು ಒಳಗೆ ಹರಿದು ಪಾರ್ಶ್ವವಾಯು ಬಡಿಯಬಹುದು.

ಕೈಚಿಕಿತ್ಸೆ ಆದ ಮೇಲೆ ಒಂದೆರಡು ದಿನ ಮೈ ನೋಯುವುದು ಸಹಜ. ಹೊಸದಾಗಿ ಗುದ್ದಲಿ ಹಿಡಿದವನ ತೋಳು ನೋಯುವುದಿಲ್ಲವೇ, ಹಾಗೆ. ಆದರೆ ನೋವು ಹೋಗುವ ದಾರಿಯನ್ನು ಗಮನಿಸಿ. ಕಾಲಿನಲ್ಲಿದ್ದ ನೋವು ಹಿಂದೆ ಸರಿದು ನಡುವಿಗೆ ಬಂದು ನಿಂತರೆ ಅದು ಸಾಮಾನ್ಯವಾಗಿ ಒಳ್ಳೆಯ ಗುರುತು. ನಡುವಿನಲ್ಲಿದ್ದದ್ದು ಕಾಲಿಗೆ, ಪಾದಕ್ಕೆ ಇಳಿಯುತ್ತ ಹೋದರೆ ಕೂಡಲೇ ಚಿಕಿತ್ಸಕರಿಗೆ ತಿಳಿಸಿ.

ಈ ಗುರುತು ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ನ್ಯೂಜಿಲೆಂಡಿನ ವೆಲಿಂಗ್ಟನ್ ಪಟ್ಟಣದಲ್ಲಿ ರಾಬಿನ್ ಮೆಕೆಂಜಿ ಎಂಬ ಚಿಕಿತ್ಸಕರಿದ್ದರು. 1956ರಲ್ಲಿ ಅವರಲ್ಲಿಗೆ ಬಂದ ರೋಗಿಯೊಬ್ಬ, ತಲೆಯ ಕಡೆ ಎತ್ತರ ಮಾಡಿ ಬಿಟ್ಟಿದ್ದ ಮಂಚದ ಮೇಲೆ ಹಾಗೆಯೇ ಬೋರಲು ಮಲಗಿಬಿಟ್ಟ. ಅವನ ಬೆನ್ನು ಹಿಂದಕ್ಕೆ ಬಾಗಿತ್ತು. ಇದನ್ನು ನೋಡಿ ಮೆಕೆಂಜಿಯವರಿಗೆ ಗಾಬರಿ. ಕೇಳಿದರೆ, "ಎಷ್ಟೋ ದಿನಗಳ ಕಾಲುನೋವು ಈಗ ಇಲ್ಲ" ಅಂದ! ಆ ಮೇಲೆ ಅವರು ಇದನ್ನೇ ಬೆನ್ನುಹತ್ತಿ, ರೋಗಿ ತಾನೇ ಮಾಡಿಕೊಳ್ಳುವ ವ್ಯಾಯಾಮದ ಪದ್ಧತಿಯೊಂದನ್ನು ಬೆಳೆಸಿದರು. ಎಲ್ಲರಿಗೂ ಈ ವ್ಯಾಯಾಮವೇ ಹೊಂದುವುದಿಲ್ಲ. ನಿಮಗೆ ಯಾವುದು ಎಂಬುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು.

ಎಷ್ಟು ಸಲ ಹೋಗಬೇಕು? ಹೊಸ ನೋವು ಬಹಳ ಮಂದಿಗೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಹಳೆಯದಕ್ಕೆ ಹೆಚ್ಚು ದಿನ ಬೇಕು. ನಾಲ್ಕಾರು ಸರದಿ ಆದರೂ ಏನೂ ಗುಣ ಕಾಣದಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ. ದೊಡ್ಡ ಪಟ್ಟಣಗಳಿಗೆ ಹೋದವರು "ಹತ್ತು ಸರದಿಯಲ್ಲಿ ಮೈಕಟ್ಟನ್ನೇ ನೇರ ಮಾಡುತ್ತೇವೆ" ಎಂಬ ಮಾತು ಕೇಳಿರಬಹುದು. ಅಮೆರಿಕದ ಐಡಾ ರೋಲ್ಫ್ ಎಂಬ ವಿದುಷಿ ಬೆಳೆಸಿದ ಪದ್ಧತಿ ಅದು. ಅವರು 1896ರಲ್ಲಿ ಹುಟ್ಟಿ 1979ರಲ್ಲಿ ತೀರಿಕೊಂಡರು. ಸ್ನಾಯುಗಳನ್ನು ಸುತ್ತಿರುವ ಪೊರೆಯನ್ನು ಆಳವಾಗಿ ಒತ್ತಿ ಸಡಿಲಿಸುವುದು ಅದರ ಕ್ರಮ. ಕೆಲವರಿಗೆ ಹಾಯೆನಿಸುತ್ತದೆ. ಆದರೆ ಸಾಲ ಮಾಡಿ ಮಾಡಿಸಿಕೊಳ್ಳುವಷ್ಟು ಗಟ್ಟಿ ಪುರಾವೆ ಅದಕ್ಕೆ ಇಲ್ಲ.

ಸೊಂಟದ ಪಟ್ಟಿಯ ವಿಷಯ? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ನಡುನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ, ಅಂಗಮರ್ದನ ಮುಂತಾದ ಕೈಚಿಕಿತ್ಸೆಗಳು ಆಗಬಹುದು ಎಂದಿತು. ಸೊಂಟದ ಪಟ್ಟಿ, ಭಾರ ತೂಗುಹಾಕಿ ಎಳೆಯುವ ಚಿಕಿತ್ಸೆ, ಅಫೀಮಿನ ಜಾತಿಯ ನೋವುಮಾತ್ರೆ, ಇವನ್ನು ವಾಡಿಕೆಯಾಗಿ ಕೊಡಬೇಡಿ ಎಂದಿತು. ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ತಪ್ಪು. ಮೆಲ್ಲಗೆ ಓಡಾಡಿಕೊಂಡಿರಬೇಕು.

ಆದರೆ ಕೆಲವು ಗುರುತು ಕಂಡರೆ ಉಜ್ಜುವವರ ಬಳಿಗೂ ಬೇಡ, ಒತ್ತುವವರ ಬಳಿಗೂ ಬೇಡ. ನೇರ ವೈದ್ಯರಲ್ಲಿಗೆ ಹೋಗಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಕಾಲು ಸೋತು ಬಂದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಸೇರಿಸಬೇಕು. ತಡವಾದರೆ ಕಾಲಿನ ಶಕ್ತಿ ಮತ್ತೆ ಬಾರದೆ ಹೋಗಬಹುದು. ಮರದಿಂದ ಬಿದ್ದವರನ್ನು ಎತ್ತಿ ಕೂರಿಸಿ ಬೆನ್ನು ತಿಕ್ಕಬೇಡಿ. ಅಲುಗಾಡಿಸದೆ ಮಲಗಿಸಿಯೇ ಸಾಗಿಸಿ. ಸಂಜೆಯ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು, ಇವು ನಡುನೋವಿನ ಜೊತೆಗಿದ್ದರೆ ಬೆನ್ನೆಲುಬಿನ ಕ್ಷಯ ಇರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಒತ್ತಿದರೆ ಅದು ಹೋಗುವುದಿಲ್ಲ.

ಕೊನೆಯದಾಗಿ ಮುಖ್ಯವಾದ ಮಾತು. ಚಿಕಿತ್ಸಕರ ಕೈ ಬಿಗಿ ಸಡಿಲಿಸಿ ದಾರಿ ಬಿಡಿಸಿಕೊಡುತ್ತದೆ. ಆ ದಾರಿಯಲ್ಲಿ ನಡೆಯಬೇಕಾದವರು ನಾವೇ. ಅವರು ನಿಮ್ಮನ್ನು ನೋಡುವುದು ವಾರಕ್ಕೆ ಒಂದೆರಡು ಗಂಟೆ. ಹೊಲ ನಿಮ್ಮನ್ನು ದುಡಿಸುವುದು ದಿನವೆಲ್ಲ. ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಹತ್ತು ನಿಮಿಷ ಮಾಡಿ. ನಾಟಿ ಮಾಡುವಾಗ, ಕಳೆ ಕೀಳುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು, ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಗುದ್ದಲಿ, ಕಳೆ ತೆಗೆಯುವ ಸಲಕರಣೆಗೆ ಉದ್ದ ಹಿಡಿ ಹಾಕಿಸಿ. ಮೂಟೆ ಎತ್ತುವಾಗ ಮೊಣಕಾಲು ಮಡಿಸಿ, ಮೂಟೆಯನ್ನು ಮೈಗೆ ಒತ್ತಿ ಹಿಡಿದು ಏಳಿ. ಎತ್ತಿಕೊಂಡೇ ನಡು ತಿರುಚಬೇಡಿ, ಕಾಲು ತಿರುಗಿಸಿ. ಭಾರವಿದ್ದರೆ ಇಬ್ಬರು ಹಿಡಿಯಿರಿ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಿಮ್ಮಲ್ಲಿ ದುಡಿಯಲು ಬಂದ ಆಳಿಗೂ ಈ ಲೆಕ್ಕವೇ ಅನ್ವಯ.

ಹೊಲದ ಬದು ಒಡೆದರೆ ಒಂದು ಬುಟ್ಟಿ ಮಣ್ಣಿನಲ್ಲಿ ಇವತ್ತೇ ಕಟ್ಟಬಹುದು. ಬಿಟ್ಟರೆ ಗದ್ದೆಯೇ ಕೊಚ್ಚಿಹೋಗುತ್ತದೆ. ನಡುವಿನ ನೋವನ್ನೂ ಹಾಗೆಯೇ ಬೇಗ ನೋಡಿಕೊಳ್ಳಿ. ಹೆದರಬೇಡಿ, ಅಲಕ್ಷ್ಯವನ್ನೂ ಮಾಡಬೇಡಿ.