ಜೇಡಿಯೂ ಸೋರುತ್ತದೆ: ಚಾಂದ್‌ಖೇಡಾದ ಕೊಳವೆಬಾವಿಗೆ ನೀರು ಬರುವ ದಾರಿ

ಕೋಲಾರದಲ್ಲಿ ಬೋರ್ ಕೊರೆಸುವುದೆಂದರೆ ಬಂಡೆಯ ಬಿರುಕಿಗಾಗಿ ಆಡುವ ಜೂಜು. ಅಹಮದಾಬಾದಿನ ಉತ್ತರ ಅಂಚಿನ ಚಾಂದ್‌ಖೇಡಾದಲ್ಲಿ ಕಥೆಯೇ ಬೇರೆ. ಸಾಬರಮತಿ ಬಯಲಿನ ಅಡಿ ನೂರಾರು ಮೀಟರ್‌ವರೆಗೆ ಬಂಡೆಯೇ ಸಿಗದು. ಮರಳು, ಅದರಡಿ ಜೇಡಿ, ಮತ್ತೆ ಮರಳು, ಮತ್ತೆ ಜೇಡಿ. ಮೇಲಿನ ಮರಳು ಬರಿದಾಗುತ್ತಾ ಬಂದಂತೆ ಉತ್ತರ ಗುಜರಾತಿನ ಕೊಳವೆಬಾವಿಗಳು ಕೆಳಗಿನ ಮರಳಿಗೆ ಇಳಿದವು. ಆಳದ ನೀರು ಮೇಲಿನದಕ್ಕೆ ಸಂಬಂಧಪಡದ ಬೇರೆ ಗಂಟು ಎಂಬ ನಂಬಿಕೆಯೂ ಜೊತೆಗೆ ಬಂತು. ಲೆಕ್ಕ ಮಾಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಎರಡು ಜೇಡಿಗಳ ನಡುವೆ ಸಿಕ್ಕಿಕೊಂಡ ಮರಳಿನಲ್ಲಿ ನೀರು ಒತ್ತಡದಲ್ಲಿರುತ್ತದೆ. ಬಾವಿಯ ಮಟ್ಟ ಒಂದು ಮೀಟರ್ ಇಳಿದರೂ ಅಂಥ ಪದರ ಬಿಟ್ಟುಕೊಡುವುದು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ ನೀರು. ಮೇಲಿನ ತೆರೆದ ಮರಳಾದರೆ ಅಷ್ಟೇ ಇಳಿತಕ್ಕೆ ನೂರು ಮಿಲಿಮೀಟರೋ ಅದಕ್ಕೂ ಹೆಚ್ಚೋ ಕೊಡುತ್ತದೆ. ಆದ್ದರಿಂದ ಪಂಪ್ ಹಾಕಿದೊಡನೆ ಆಳದ ಪದರದ ಒತ್ತಡ ಬಲು ದೂರದವರೆಗೆ ಕುಸಿಯುತ್ತದೆ. ಮೇಲಿನ ಪದರದ ನೀರಿನ ಮಟ್ಟ ಎತ್ತರ, ಕೆಳಗಿನದರ ಮಟ್ಟ ತಗ್ಗು ಎಂದಾದ ಮೇಲೆ ನಡುವಿನ ಜೇಡಿ ಸೋರಲೇಬೇಕು.

ಎಷ್ಟು ಸೋರಬಹುದು? ಒಂದು ಊಹೆಯ ಲೆಕ್ಕ: ಜೇಡಿಯ ದಪ್ಪ 15 ಮೀಟರ್, ಮೇಲೆ-ಕೆಳಗಿನ ನೀರಿನ ಮಟ್ಟಗಳ ಅಂತರವೂ 15 ಮೀಟರ್, ಜೇಡಿ ನೀರು ಹಾಯಿಸುವ ವೇಗ ದಿನಕ್ಕೆ 0.1 ಮಿಲಿಮೀಟರ್. 1856ರ ಡಾರ್ಸಿ ನಿಯಮದಂತೆ ಕೆಳಗಿಳಿಯುವುದು ದಿನಕ್ಕೆ 0.1 ಮಿಲಿಮೀಟರ್ ಮಾತ್ರ. ನಗಬೇಡಿ, ಒಂದು ಚದರ ಕಿಲೋಮೀಟರಿಗೆ ಅದು ದಿನಕ್ಕೆ ಒಂದು ಲಕ್ಷ ಲೀಟರ್.

ಪಂಪ್ ಮಾಡಿದಾಗ ಬಾವಿಯ ಸುತ್ತ ಮಟ್ಟ ಎಷ್ಟು ಇಳಿಯುತ್ತದೆಂದು ಹೇಳಲು 1935ರಲ್ಲಿ ಟೈಸ್ ಕೊಟ್ಟ ಪ್ರಸಿದ್ಧ ಸೂತ್ರದಲ್ಲಿ ಈ ಸೋರಿಕೆಗೆ ಜಾಗವಿಲ್ಲ. ಅದರಲ್ಲಿ ಮೇಲಿನ ಜೇಡಿ ಬಿಗಿ ಮುಚ್ಚಳ, ಮಟ್ಟ ಇಳಿಯುತ್ತಲೇ ಹೋಗಬೇಕು. 1955ರಲ್ಲಿ ಹಂತುಷ್ ಮತ್ತು ಜೇಕಬ್ ಸೋರುವ ಮುಚ್ಚಳವನ್ನು ಸೇರಿಸಿದರು. ಅವರ ಲೆಕ್ಕದಲ್ಲಿ ಇಳಿತ ಒಂದು ಹಂತದಲ್ಲಿ ನಿಲ್ಲುತ್ತದೆ. ಒಂದೆರಡು ದಿನದ ಪಂಪಿಂಗ್ ಪರೀಕ್ಷೆಯಲ್ಲಿ ರೇಖೆ ಹೀಗೆ ಸಮತಟ್ಟಾದರೆ ‘ನೀರು ಧಾರಾಳ’ ಎಂದು ಬೀಗುವವರುಂಟು. ಆದರೆ ಹಂತುಷ್-ಜೇಕಬ್ ಸೂತ್ರ ಮೇಲಿನ ಪದರದ ಮಟ್ಟ ಕದಲುವುದೇ ಇಲ್ಲವೆಂದು ಹಿಡಿದಿದೆ. ವರ್ಷಗಟ್ಟಲೆ ಎತ್ತಿದರೆ ಅದೂ ಇಳಿಯುತ್ತದೆ. ಪರೀಕ್ಷೆ ಅದನ್ನು ತೋರಿಸುವಷ್ಟು ದಿನ ನಡೆಯುವುದಿಲ್ಲ, ಅಷ್ಟೇ.

ಆ ವರ್ಷಗಳನ್ನು ಹಿಡಿಯಲು ಕಂಪ್ಯೂಟರ್ ಮಾದರಿ ಬೇಕು. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಮಾಡ್‌ಫ್ಲೋ ಇದಕ್ಕಾಗಿ ಉಚಿತವಾಗಿ ಸಿಗುತ್ತದೆ. ನೆಲವನ್ನು ಉದ್ದಗಲಕ್ಕೂ ಆಳಕ್ಕೂ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಬಂದ ನೀರು, ಹೋದ ನೀರು, ಉಳಿದ ನೀರಿನ ಜಮಾಖರ್ಚು ಬರೆಯುವುದು ಅದರ ಕೆಲಸ. ಮಳೆ, ನದಿ, ಕಾಲುವೆ ಜಮೆಗೆ, ಪಂಪುಗಳು ಖರ್ಚಿಗೆ. ಮಾದರಿ ಹೇಳುವ ಮಟ್ಟ ಹಳೆಯ ಅಳತೆಗೆ ಕೂಡಿಬರುವ ತನಕ ಜೇಡಿಯ ಗುಣವನ್ನು ತಿದ್ದುತ್ತಾರೆ. ಕೊರೆಯುವಾಗ ಯಾರೂ ಸರಿಯಾಗಿ ಅಳೆಯದ ಜೇಡಿಯೇ ಉತ್ತರವನ್ನು ನಿರ್ಧರಿಸುತ್ತದೆ.

ಚಾಂದ್‌ಖೇಡಾದಿಂದ ಇನ್ನೂ ಉತ್ತರಕ್ಕಿರುವ ಮೆಹ್ಸಾಣಾದ ಬಹುಪದರ ನೆಲಕ್ಕೆ ಇಂಥ ಮಾದರಿ ಕಟ್ಟಿ ರಷ್ಟನ್ ಮತ್ತು ತಿವಾರಿ 1989ರಲ್ಲಿ ಪ್ರಕಟಿಸಿದರು. ಅವರ ಮಾದರಿಯಂತೆ ಆಳದ ಬಾವಿಗಳು ಎತ್ತುತ್ತಿದ್ದ ನೀರಿನ ದೊಡ್ಡ ಪಾಲು ಜೇಡಿಗಳ ಮೂಲಕ ಮೇಲಿನಿಂದಲೇ ಇಳಿದು ಬರುತ್ತಿತ್ತು.

ಮಾದರಿಯನ್ನು ಹಾಳುಮಾಡುವ ಒಂದು ಅಭ್ಯಾಸವಿದೆ: ಒಂದೇ ಬಾವಿಯಲ್ಲಿ ಎಲ್ಲ ಮರಳುಗಳಿಗೂ ರಂಧ್ರದ ಪೈಪು ಇಳಿಸುವುದು. ಅಲ್ಲಿ ಅಳೆದ ಮಟ್ಟ ಯಾವ ಪದರದ್ದೂ ಅಲ್ಲ. ಸಾಲದ್ದಕ್ಕೆ ಪಂಪ್ ನಿಂತಾಗಲೂ ಮೇಲಿನ ನೀರು ಆ ಬಾವಿಯೊಳಗಿಂದಲೇ ಕೆಳಗೆ ಹರಿಯುತ್ತದೆ. ನಿಮ್ಮ ಅಪಾರ್ಟ್‌ಮೆಂಟಿಗೆ ಬಾವಿ ತೋಡಿಸುವಾಗ ಎಷ್ಟು ಆಳದಲ್ಲಿ ಯಾವ ಮಣ್ಣು ಬಂತು, ರಂಧ್ರದ ಪೈಪು ಎಲ್ಲೆಲ್ಲಿ ಕೂತಿತು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಪ್ರತಿ ಪದರಕ್ಕೂ ಒಂದು ಸಣ್ಣ ವೀಕ್ಷಣಾ ಬಾವಿ ಹಾಕಿಸಲು ಹಣವಿದ್ದರೆ, ಇನ್ನೂ ನೂರು ಅಡಿ ಆಳಕ್ಕೆ ಹೋಗುವ ಮುನ್ನ ಅದನ್ನು ಮಾಡಿಸಿ.