ತಾಯಿಯಂತೆ ಮಗಳೇಕಿಲ್ಲ? ಹಸುಗಳಲ್ಲಿ ಗುಣಗಳು ಇಳಿದುಬರುವ ಬಗೆ



'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕೊಟ್ಟಿಗೆಯಲ್ಲಿ ಈ ಮಾತು ಎಷ್ಟೋ ಸಲ ಸುಳ್ಳಾಗುತ್ತದೆ. ದಿನಕ್ಕೆ ಹದಿನೈದು ಲೀಟರ್ ಕೊಡುತ್ತಿದ್ದ ಸೀಮೆಹಸುವಿನ ಮಗಳು ಎಂಟು ಲೀಟರಿಗೆ ನಿಂತುಬಿಡುತ್ತದೆ. ಮೈಮೇಲಿನ ಕಪ್ಪು ಬಿಳುಪು ಮಚ್ಚೆ ತಾಯಿಯದೇ ಅಚ್ಚು, ಹಾಲು ಮಾತ್ರ ತಾಯಿಯದಲ್ಲ. ಕೆ.ಆರ್.ಪುರ, ಬಿದರಹಳ್ಳಿ, ವರ್ತೂರು ಕಡೆಯ ಯಾವ ಸಂಘದ ಮುಂದೆ ನಿಂತರೂ ಬೆಳಗಿನ ಹಾಲು ಹಾಕುವ ಹೊತ್ತಿನಲ್ಲಿ ಇಂಥ ಮಾತು ಕಿವಿಗೆ ಬೀಳುತ್ತದೆ. ಮೇವು, ಆರೈಕೆ, ರೋಗ ಇವು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಕರು ಹುಟ್ಟುವ ಮೊದಲೇ ನಿರ್ಧಾರವಾಗಿರುತ್ತದೆ. ಅದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಹೂವಿನ ಸರ

ಹಸುವಿನ ದೇಹದ ಪ್ರತಿಯೊಂದು ಜೀವಕೋಶದಲ್ಲಿ 60 ವರ್ಣತಂತುಗಳಿವೆ. ಇವು 30 ಜೋಡಿಗಳಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಹಾಲು, ಜಿಡ್ಡು, ಬಣ್ಣ, ಕೋಡು ಮುಂತಾದ ಗುಣಗಳಿಗೆ ಕಾರಣವಾದ ವಂಶವಾಹಿಗಳು ಈ ವರ್ಣತಂತುಗಳ ಮೇಲೆ ಸಾಲಾಗಿ ಕುಳಿತಿರುತ್ತವೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹೂವಿನಂಗಡಿಯನ್ನು ನೆನೆಯಿರಿ. ಒಂದು ಮಲ್ಲಿಗೆಯ ಸರ, ಒಂದು ಕನಕಾಂಬರದ ಸರ, ಎರಡೂ ಒಂದೇ ಉದ್ದ. ಎಚ್.ಎಫ್. ಹೋರಿಯಿಂದ ಬಂದದ್ದು ಮಲ್ಲಿಗೆ, ನಾಟಿ ಹಸುವಿನಿಂದ ಬಂದದ್ದು ಕನಕಾಂಬರ ಎಂದುಕೊಳ್ಳಿ. ಮೊದಲ ತಲೆಮಾರಿನ ಮಿಶ್ರತಳಿ ಹಸುವಿನಲ್ಲಿ ಇವೆರಡೂ ಪೂರ್ತಿಯಾಗಿ, ಬೇರೆ ಬೇರೆಯಾಗಿ ಇರುತ್ತವೆ. ಆದ್ದರಿಂದಲೇ ಮೊದಲ ತಲೆಮಾರಿನ ಹಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದವಾಗಿರುತ್ತವೆ.

ಆ ಹಸು ಅಂಡಾಣುವನ್ನು ತಯಾರಿಸುವಾಗ ವಿಷಯ ಬದಲಾಗುತ್ತದೆ. ಅಂಡಾಣುವಿಗೆ ಪ್ರತಿ ಜೋಡಿಯಿಂದ ಒಂದೇ ಸರ ಹೋಗಬೇಕು. ಹೋಗುವ ಮೊದಲು ಎರಡು ಸರಗಳೂ ಅಕ್ಕಪಕ್ಕ ಬಂದು, ಒಂದೆರಡು ಕಡೆ ಒಂದೇ ಜಾಗದಲ್ಲಿ ತುಂಡಾಗಿ, ತುಂಡುಗಳು ಅದಲುಬದಲಾಗಿ ಮತ್ತೆ ಕೂಡಿಕೊಳ್ಳುತ್ತವೆ. ಅರ್ಧ ಮಲ್ಲಿಗೆ, ಅರ್ಧ ಕನಕಾಂಬರದ ಹೊಸ ಸರ ಹುಟ್ಟುತ್ತದೆ. ಇದಕ್ಕೆ ಮರುಸಂಯೋಜನೆ ಎಂದು ಹೆಸರು. ಅದಲುಬದಲು ಇಲ್ಲದಿದ್ದರೂ 30 ಜೋಡಿಗಳಿಂದ ಒಂದೊಂದನ್ನು ಆರಿಸಲು ನೂರು ಕೋಟಿಗೂ ಹೆಚ್ಚು ದಾರಿಗಳಿವೆ. ಅದಲುಬದಲೂ ಸೇರಿದರೆ ಲೆಕ್ಕವೇ ಇಲ್ಲ. ಒಂದೇ ಹಸುವಿಗೆ ಒಂದೇ ಹೋರಿಯ ವೀರ್ಯ ಕೊಡಿಸಿದರೂ ಇಬ್ಬರು ಅಕ್ಕತಂಗಿಯರು ಒಂದೇ ಬಗೆ ಆಗದಿರುವುದು ಇದರಿಂದಲೇ.

ಅಕ್ಕಪಕ್ಕದವು ಒಟ್ಟಿಗೆ ಹೋಗುತ್ತವೆ

ಸರವನ್ನು ಎಲ್ಲಿ ಕತ್ತರಿಸಿದರೂ ಒತ್ತಾಗಿ ಕಟ್ಟಿದ ಎರಡು ಹೂವುಗಳ ನಡುವೆಯೇ ಕತ್ತರಿ ಬೀಳುವುದು ಅಪರೂಪ. ಸರದ ಎರಡು ತುದಿಗಳಲ್ಲಿರುವ ಹೂವುಗಳು ಸುಲಭವಾಗಿ ಬೇರೆಯಾಗುತ್ತವೆ. ವಂಶವಾಹಿಗಳ ರೀತಿಯೂ ಇದೇ. ಹತ್ತಿರ ಇರುವವು ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿ ಸಾಗುತ್ತವೆ. ಇದನ್ನು ಸಹಲಗ್ನತೆ ಎನ್ನುತ್ತಾರೆ. ಅಮೆರಿಕದಲ್ಲಿ ಮಾರ್ಗನ್ ಎಂಬ ವಿಜ್ಞಾನಿಯ ಶಿಷ್ಯ ಸ್ಟರ್ಟವಂಟ್, ಹಣ್ಣಿನ ನೊಣಗಳಲ್ಲಿ ಗುಣಗಳು ಎಷ್ಟು ಸಲ ಬೇರೆಯಾಗುತ್ತವೆ ಎಂದು ಎಣಿಸಿ, ವಂಶವಾಹಿಗಳ ನಡುವಿನ ದೂರವನ್ನು ತೋರಿಸುವ ಮೊದಲ ನಕ್ಷೆಯನ್ನು 1913ರಲ್ಲಿ ಪ್ರಕಟಿಸಿದರು.

ನಮ್ಮ ಕ್ಯಾನಿನಲ್ಲಿರುವ ಹಾಲೇ ಇದಕ್ಕೆ ಒಳ್ಳೆಯ ಉದಾಹರಣೆ. ಹಾಲು ಮೊಸರಾಗಿ ಗಟ್ಟಿಯಾಗಲು ಕಾರಣವಾದ ಕೇಸೀನ್ ಎಂಬ ಸಸಾರಜನಕದಲ್ಲಿ ನಾಲ್ಕು ಬಗೆಗಳಿವೆ. ಇವುಗಳ ನಾಲ್ಕು ವಂಶವಾಹಿಗಳೂ 6ನೆಯ ವರ್ಣತಂತುವಿನಲ್ಲಿ ಒಂದೇ ಕಡೆ ಒತ್ತಾಗಿವೆ. ಈಗ ಎಲ್ಲೆಡೆ ಮಾತಾಗಿರುವ 'ಎ-2' ಹಾಲು ಇವುಗಳಲ್ಲಿ ಬೀಟಾ ಕೇಸೀನಿಗೆ ಸಂಬಂಧಿಸಿದ್ದು. ಗಿಣ್ಣು ಗಟ್ಟಿಯಾಗಿ ಹೆಪ್ಪಾಗಲು ನೆರವಾಗುವುದು ಪಕ್ಕದ ಕಪ್ಪಾ ಕೇಸೀನಿನ ಒಂದು ರೂಪ. 'ಎ-2' ಎಂದು ಹೋರಿಯನ್ನು ಆರಿಸಿದಾಗ ಅದರ ನೆರೆಯ ಕಪ್ಪಾ ಕೇಸೀನನ್ನೂ, ಅದು ಯಾವ ರೂಪದ್ದೇ ಇರಲಿ, ಆರಿಸಿದಂತೆಯೇ ಆಗುತ್ತದೆ.

ಜಿಡ್ಡಿನ ವಿಷಯ ಸ್ವಲ್ಪ ಬೇರೆ. 14ನೆಯ ವರ್ಣತಂತುವಿನ ಮೇಲಿನ ಒಂದು ವಂಶವಾಹಿಯ ಒಂದು ರೂಪ ಜಿಡ್ಡನ್ನು ಹೆಚ್ಚಿಸುತ್ತದೆ, ಹಾಲಿನ ಪ್ರಮಾಣವನ್ನು ತಗ್ಗಿಸುತ್ತದೆ ಎಂದು 2002ರಲ್ಲಿ ತಿಳಿದುಬಂತು. ಇಲ್ಲಿ ಎರಡು ಹೂವುಗಳಿಲ್ಲ, ಒಂದೇ ಹೂವು ಎರಡು ಕೆಲಸ ಮಾಡುತ್ತದೆ. ಯಾವ ಕತ್ತರಿಯೂ ಅದನ್ನು ಬೇರೆ ಮಾಡಲಾರದು. ನಾಟಿ ಹಸುವಿನ ಹಾಲು ಕಡಿಮೆ, ಜಿಡ್ಡು ಹೆಚ್ಚು ಎಂಬ ಅನುಭವಕ್ಕೆ ಇದೂ ಒಂದು ಕಾರಣ.

ಬಣ್ಣ ನೋಡಿ ಹಸು ಕೊಳ್ಳುವವರು ಇದನ್ನು ಗಮನಿಸಬೇಕು. ಹಾಲಿನ ಪ್ರಮಾಣ ಒಂದೆರಡು ವಂಶವಾಹಿಗಳ ಕೆಲಸವಲ್ಲ, ಹಲವು ವರ್ಣತಂತುಗಳಲ್ಲಿ ಹರಡಿರುವ ನೂರಾರು ವಂಶವಾಹಿಗಳದು. ಮಚ್ಚೆಗೆ ಕಾರಣವಾದವು ಕೆಲವೇ ಕೆಲವು. ಆದ್ದರಿಂದ ಮಚ್ಚೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಹಾಲೂ ಚೆನ್ನಾಗಿರುತ್ತದೆ ಎನ್ನಲಾಗದು.

ಬೆಂಗಳೂರಿಗೆ ಇದು ಹೊಸದಲ್ಲ

ದಂಡಿನ ಪ್ರದೇಶದ ಸೈನಿಕರಿಗೆ ಹಾಲು ಬೇಕಾದ ಕಾಲದಿಂದಲೂ ನಮ್ಮ ಊರಿನಲ್ಲಿ ಮಿಶ್ರತಳಿಯ ಪ್ರಯೋಗಗಳು ನಡೆದಿವೆ. ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆಯಲ್ಲಿ ಏರ್‌ಷೈರ್ ಮಿಶ್ರತಳಿ ಹಸುಗಳನ್ನು ಸಾಕಲಾಗಿತ್ತು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದು ಗೋಪಾಲನೆಯ ಕ್ರಮವನ್ನು ಕಲಿತರು. ಮೊದಲ ತಲೆಮಾರಿನ ಮಿಶ್ರತಳಿ ಚೆನ್ನಾಗಿ ಹಾಲು ಕೊಡುತ್ತದೆ, ಮಿಶ್ರತಳಿಗೆ ಮಿಶ್ರತಳಿಯನ್ನೇ ಕೂಡಿಸಿದರೆ ಮುಂದಿನ ತಲೆಮಾರು ಸಾಮಾನ್ಯವಾಗಿ ಇಳಿಯುತ್ತದೆ ಎಂಬುದು ದೇಶದ ಹಲವೆಡೆ ಕಂಡ ಅನುಭವ. ಎರಡು ತಳಿ ಕೂಡಿದಾಗ ಬಂದ ಹುರುಪು ಅರ್ಧವಾಗುವುದು ಒಂದು ಕಾರಣ. ತಲೆಮಾರುಗಳಿಂದ ಒಟ್ಟಿಗೆ ಸಾಗಿ ಬಂದ ಕಟ್ಟುಗಳು ಮರುಸಂಯೋಜನೆಯಲ್ಲಿ ಚದುರುವುದು ಇನ್ನೊಂದು.

ಒಂದು ಹೋರಿಯ ಕಥೆ

ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ 'ಚೀಫ್' ಎಂಬ ಎಚ್.ಎಫ್. ಹೋರಿ ಬಹಳ ಹೆಸರು ಮಾಡಿತು. ಅದರ ಹೆಣ್ಣುಮಕ್ಕಳೇ ಸುಮಾರು 16,000. ಹಾಲು ಹೆಚ್ಚಿಸಿತು ಎಂದು ಜಗತ್ತೆಲ್ಲ ಅದರ ವಂಶವನ್ನು ಬಳಸಿತು. 2011ರಲ್ಲಿ ವಿಜ್ಞಾನಿಗಳು ಸಾವಿರಾರು ದನಗಳ ವರ್ಣತಂತುಗಳನ್ನು ಪರೀಕ್ಷಿಸುವಾಗ ಒಂದು ವಿಚಿತ್ರ ಕಂಡಿತು. 5ನೆಯ ವರ್ಣತಂತುವಿನ ಒಂದು ತುಂಡು ಎಷ್ಟೋ ದನಗಳಲ್ಲಿ ಒಂದು ಪ್ರತಿಯಾಗಿ ಇತ್ತು. ಎರಡೂ ಪ್ರತಿ ಹೊತ್ತ ದನ ಒಂದೂ ಇರಲಿಲ್ಲ. ಅಂದರೆ ತಂದೆತಾಯಿ ಇಬ್ಬರಿಂದಲೂ ಆ ತುಂಡು ಬಂದ ಕರು ಗರ್ಭದಲ್ಲೇ ಸಾಯುತ್ತಿತ್ತು. ಆ ತುಂಡಿನ ಮೂಲ ಚೀಫ್. ಇದರಿಂದ ಐದು ಲಕ್ಷಕ್ಕೂ ಹೆಚ್ಚು ಗರ್ಭಗಳು ನಷ್ಟವಾಗಿರಬಹುದೆಂದು 2016ರಲ್ಲಿ ಅಂದಾಜು ಮಾಡಲಾಯಿತು. ದೋಷದ ವಂಶವಾಹಿಯನ್ನು ಗುರುತಿಸುವ ಮೊದಲೇ ಅದು ಇರುವ ಜಾಗ ತಿಳಿದದ್ದು ಸಹಲಗ್ನತೆಯಿಂದ, ಏಕೆಂದರೆ ದೋಷದ ಜೊತೆಗೆ ಅದರ ನೆರೆಹೊರೆಯೂ ತಲೆಮಾರುಗಳ ಕಾಲ ಒಟ್ಟಿಗೆ ಸಾಗಿ ಬಂದಿತ್ತು. 2024ರಲ್ಲಿ ನಮ್ಮ ದೇಶದ ಹಸುಗಳಿಗಾಗಿ ಬಿಡುಗಡೆಯಾದ 'ಗೌ ಚಿಪ್' ಪರೀಕ್ಷೆಯೂ ಇದೇ ತತ್ವದ ಮೇಲೆ ನಿಂತಿದೆ. ಅದು ಸಾವಿರಾರು ಗುರುತುಕಲ್ಲುಗಳನ್ನು ಓದಿ ಪಕ್ಕದ ವಂಶವಾಹಿಗಳನ್ನು ಅಂದಾಜು ಮಾಡುತ್ತದೆ.

ಒಂದು ಮಾತು ನೆನಪಿರಲಿ. ಹಸು ಪದೇ ಪದೇ ಬೆದೆಗೆ ಬರಲು, ಕಂದು ಹಾಕಲು ಖನಿಜ ಕೊರತೆ, ಗರ್ಭಕೋಶದ ಸೋಂಕು, ತಪ್ಪು ಸಮಯದ ಗರ್ಭಧಾರಣೆ ಇವೇ ಸಾಮಾನ್ಯ ಕಾರಣ. ಮೊದಲು ಪಶುವೈದ್ಯರಿಗೆ ತೋರಿಸಿ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಕೃತಕ ಗರ್ಭಧಾರಣೆ ಮಾಡಿಸಿದಾಗ ವೀರ್ಯದ ಕಡ್ಡಿಯ ಮೇಲಿರುವ ಹೋರಿಯ ಸಂಖ್ಯೆಯನ್ನು ಕೇಳಿ, ದಿನಾಂಕದೊಡನೆ ಬರೆದಿಡಿ. ಕರುವಿಗೆ ಕಿವಿಯೋಲೆ ಹಾಕಿಸಿ, ಆ ಸಂಖ್ಯೆಯನ್ನೂ ಜೊತೆಗೆ ಬರೆಯಿರಿ.

2. ಪಡ್ಡೆಗೆ ಅದರ ತಂದೆಯ ವೀರ್ಯವನ್ನೇ ಕೊಡಿಸಬೇಡಿ. ಅಡಗಿರುವ ದೋಷದ ಎರಡೂ ಪ್ರತಿ ಒಂದೇ ಕರುವಿನಲ್ಲಿ ಸೇರುವುದು ಹೆಚ್ಚಾಗಿ ಹೀಗೆಯೇ. ತಂದೆಯ ಸಂಖ್ಯೆ ಬರೆದಿಡದಿದ್ದರೆ ಈ ತಪ್ಪು ನಿಮಗೆ ಗೊತ್ತೇ ಆಗುವುದಿಲ್ಲ.

3. ಬೀದಿಯ ಮಿಶ್ರತಳಿ ಹೋರಿಗೆ ಬಿಡಬೇಡಿ. ಹೆಣ್ಣುಮಕ್ಕಳ ಹಾಲು ಅಳೆದು ಪರೀಕ್ಷಿಸಿದ ಹೋರಿಯ ವೀರ್ಯ ಸಿಗುವುದೇ ಎಂದು ಕೇಳಿ.

4. ಮಗಳನ್ನು ತಾಯಿಯ ಹೆಸರಿನಿಂದ ಅಳೆಯಬೇಡಿ. ತಿಂಗಳಿಗೊಮ್ಮೆ ಎರಡೂ ಹೊತ್ತಿನ ಹಾಲನ್ನು ಅಳೆದು ಬರೆಯಿರಿ. ಯಾವ ಕರುವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಯಾವ ಹೂವು ಯಾವ ಕರುವಿಗೆ ಹೋಗಬೇಕೆಂದು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ. ಯಾವ ಎರಡು ಸರಗಳನ್ನು ಜೊತೆಗೂಡಿಸಬೇಕು ಎಂಬುದು ನಮ್ಮ ಕೈಯಲ್ಲಿದೆ. ಎರಡು ರೂಪಾಯಿಯ ಪೆನ್ನು, ಒಂದು ನೋಟ್ ಪುಸ್ತಕ ಇದ್ದರೆ ಸಾಕು, ಕೆಲಸ ಇಂದೇ ಆರಂಭಿಸಬಹುದು.